ಸುಳ್ಳು ಕಂಪನಿ ನಿಜದಂತೆ ಕಾಣುವುದು ಹೇಗೆ?



ಈ ಅಂಕಣದಲ್ಲಿ ಸಾಮಾನ್ಯವಾಗಿ ಬೆಳೆಗೆ ತಗಲುವ ರೋಗ, ದನಕರುಗಳ ರೋಗ, ನಮ್ಮ ಮೈಯ ರೋಗ ಇವುಗಳ ವಿಚಾರ ಬರುತ್ತದೆ. ಈ ಸಲ ಅರಿಶಿನ ಮಾರಿ ಬಂದ ಹಣಕ್ಕೆ ತಗಲುವ ಒಂದು ರೋಗದ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ಇದೆ. ಔಷಧಿ ಗಿಡದ ಸಸಿ ಕೊಟ್ಟು, ಬೆಳೆದ ಮೇಲೆ ತಾವೇ ಕೊಂಡುಕೊಳ್ಳುತ್ತೇವೆಂದು ಹೇಳುವ ಇಬ್ಬರು ನನ್ನ ಬಳಿ ಬಂದು, ಭಾನುವಾರದ ಪೂಜೆಯ ನಂತರ ಪ್ರಕಟಣೆ ಓದಬೇಕೆಂದು ಕೇಳಿದರು. ನಿಮ್ಮಲ್ಲಿ ಕೆಲವರ ಮನೆಗೂ ಅವರು ಹೋಗಿದ್ದಾರೆಂದು ತಿಳಿಯಿತು. ಅವರು ಒಳ್ಳೆಯವರೋ ಕೆಟ್ಟವರೋ ನಾನು ಈಗ ಹೇಳುತ್ತಿಲ್ಲ. ಅವರ ಕೈಯಲ್ಲಿದ್ದ ಬಣ್ಣದ ಪುಸ್ತಕ, ಸೀಲು ಹಾಕಿದ ಕಾಗದ, ಕೊರಳಿಗೆ ಹಾಕಿದ ಗುರುತಿನ ಚೀಟಿ, ಇವುಗಳನ್ನು ನೋಡಿ ನಾವು ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದಷ್ಟೇ ಇಲ್ಲಿನ ವಿಷಯ.

ದೂರದ ಉದಾಹರಣೆ ಬೇಡ. ದಿಂಬಂ ಘಾಟಿ ಇಳಿದರೆ ಸತ್ಯಮಂಗಲ, ಅಲ್ಲಿಂದ ಮುಂದೆ ನಮ್ಮ ಈರೋಡು ಜಿಲ್ಲೆಯದೇ ಊರಾದ ಪೆರುಂದುರೈ. ಅಲ್ಲಿ ಸುಸಿ ಈಮು ಫಾರ್ಮ್ಸ್ ಎಂಬ ಕಂಪನಿ ಇದ್ದುದು ನಡುವಯಸ್ಸು ದಾಟಿದವರಿಗೆಲ್ಲ ನೆನಪಿರುತ್ತದೆ. ಈಮು ಎಂಬುದು ಆಸ್ಟ್ರೇಲಿಯಾ ದೇಶದ ಹಾರಲಾರದ ದೊಡ್ಡ ಹಕ್ಕಿ. ಜನ ಅದನ್ನು ಈಮು ಕೋಳಿ ಎಂದರು. ಕೋಳಿ ಎಂದ ಕೂಡಲೇ ನಮಗೆ ಅರ್ಧ ನಂಬಿಕೆ ಬಂದುಬಿಟ್ಟಿತು. ಕೋಳಿ ಸಾಕದ ಮನೆ ನಮ್ಮಲ್ಲಿ ಯಾವುದಿದೆ?

ಕಂಪನಿಯ ಮಾತು ಹೀಗಿತ್ತು. ರೈತ ಒಂದೂವರೆ ಲಕ್ಷ ರೂಪಾಯಿ ಠೇವಣಿ ಇಡಬೇಕು. ಕಂಪನಿ 6 ಮರಿ ಕೊಡುತ್ತದೆ, ಶೆಡ್ಡು ಹಾಕಿಕೊಡುತ್ತದೆ, ತಿಂಡಿಯನ್ನೂ ಕೊಡುತ್ತದೆ. ಸಾಕುವ ಕೂಲಿ ಎಂದು ತಿಂಗಳಿಗೆ 6,000 ರೂ., ವರ್ಷಕ್ಕೆ 20,000 ರೂ. ಬೋನಸ್, ಎರಡು ವರ್ಷ ಕಳೆದ ಮೇಲೆ ಠೇವಣಿ ವಾಪಸು. ಸ್ಥಳವಿಲ್ಲದವರಿಗೆ ಇನ್ನೊಂದು ಯೋಜನೆ. ಅದರಲ್ಲಿ ಹಕ್ಕಿಯನ್ನು ಕಂಪನಿಯೇ ಸಾಕುತ್ತದೆ, ಹಣ ಹಾಕಿದವರು ಮನೆಯಲ್ಲಿ ಕೂತಿರಬಹುದು; ಅವರಿಗೆ ತಿಂಗಳ ಹಣ ಇನ್ನೂ ಒಂದು ಸಾವಿರ ಜಾಸ್ತಿ! ಕೆಲಸ ಮಾಡುವವನಿಗಿಂತ ಕೂತವನಿಗೆ ಹೆಚ್ಚು ಕೂಲಿ ಏಕೆ ಎಂದು ಆಗ ಕೇಳಿದವರು ಕಡಿಮೆ.

2010ರಲ್ಲಿ ಅರಿಶಿನಕ್ಕೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. ಈರೋಡು ಮಾರುಕಟ್ಟೆಗೆ ಅರಿಶಿನ ಹಾಕುವ ಊರುಗಳಲ್ಲಿ ಕೈಯಲ್ಲಿ ಹಣ ಓಡಾಡಿತು. 2012ರ ಹೊತ್ತಿಗೆ ಆ ಬೆಲೆ ಬಿದ್ದುಹೋಯಿತು. ಕೈಯಲ್ಲಿ ಉಳಿದಿದ್ದ ಹಣ ಕರಗುವುದರೊಳಗೆ ಎಲ್ಲಾದರೂ ಹಾಕಬೇಕೆಂಬ ಆತುರ ಇದ್ದ ಕಾಲ ಅದು. ಮೋಸದ ಕಂಪನಿಗಳು ಯಾವಾಗಲೂ ಇಂಥ ಹೊತ್ತನ್ನು ನೋಡಿಕೊಂಡೇ ಬರುತ್ತವೆ. ಒಳ್ಳೆಯ ಬೆಲೆ ಬಂದ ಮರುವರ್ಷ, ಭೂಮಿಗೆ ಪರಿಹಾರ ಬಂದ ತಿಂಗಳು, ನಿವೃತ್ತಿಯ ಹಣ ಕೈಸೇರಿದ ವಾರ.

2012ರ ಆಗಸ್ಟಿನಲ್ಲಿ ಕಂಪನಿ ಮುಚ್ಚಿತು. ಮಾಲೀಕ ತಲೆಮರೆಸಿಕೊಂಡ, ಆಮೇಲೆ ಸೆರೆ ಸಿಕ್ಕಿದ. ಆ ಭಾಗದ ಬೇರೆ ಈಮು ಕಂಪನಿಗಳೂ ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ತಿಂಡಿ ಇಲ್ಲದೆ ಹಕ್ಕಿಗಳು ಸಾಯತೊಡಗಿ, ಕಡೆಗೆ ತಮಿಳುನಾಡು ಸರಕಾರವೇ ಅವುಗಳಿಗೆ ಮೇವು ಹಾಕಬೇಕಾಯಿತು. ಮುಂದೆ ಕೊಯಮತ್ತೂರಿನ ವಿಶೇಷ ನ್ಯಾಯಾಲಯ ಮಾಲೀಕನಿಗೆ 10 ವರ್ಷ ಸಜೆ ವಿಧಿಸಿತು. ಸಜೆಯಾಯಿತು ಎಂದ ಮಾತ್ರಕ್ಕೆ ಹಣ ಹಾಕಿದವರ ಹಣ ಮನೆಗೆ ಬರಲಿಲ್ಲ.

ಈಗ ಒಂದು ಪ್ರಶ್ನೆ. ಆ ರೈತರು ವಿಚಾರಿಸದೆ ಹಣ ಹಾಕಿದರೇ? ಇಲ್ಲ. ಹೆಚ್ಚಿನವರು ವಿಚಾರಿಸಿಯೇ ಹಾಕಿದರು. ಆಫೀಸು ಇದೆಯೇ ಎಂದು ಹೋಗಿ ನೋಡಿದರು, ಇತ್ತು. ಹಕ್ಕಿ ಇದೆಯೇ ಎಂದು ನೋಡಿದರು, ಸಾವಿರಾರು ಇದ್ದವು. ಪೇಪರಿನಲ್ಲಿ, ಟಿ.ವಿ.ಯಲ್ಲಿ ಬಂದಿದೆಯೇ ಎಂದು ನೋಡಿದರು, ಸಿನಿಮಾ ನಟರೇ ಬಂದು ಹೇಳುತ್ತಿದ್ದರು. ಹಿಂದೆ ಹಾಕಿದವರಿಗೆ ಹಣ ಬರುತ್ತಿದೆಯೇ ಎಂದು ಕೇಳಿದರು, ಬರುತ್ತಿತ್ತು. ನಾವು ಏನೇನು ವಿಚಾರಿಸುತ್ತೇವೆ ಎಂಬುದು ಮೋಸಗಾರನಿಗೆ ಮೊದಲೇ ಗೊತ್ತು. ಆದುದರಿಂದ ಅವನು ಅವುಗಳನ್ನೆಲ್ಲ ಸಿದ್ಧಮಾಡಿಟ್ಟುಕೊಂಡೇ ಅಂಗಡಿ ತೆರೆಯುತ್ತಾನೆ. ಇದನ್ನು ನಾವು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು.

ಮೊದಲು ಕಾಗದಗಳನ್ನು ನೋಡೋಣ. ‘ಸರಕಾರದಲ್ಲಿ ರಿಜಿಸ್ಟರ್ ಆದ ಕಂಪನಿ’ ಎಂಬ ಮಾತಿಗೆ ನಾವು ಬಹಳ ಬೆಲೆ ಕೊಡುತ್ತೇವೆ. ಕಂಪನಿ ನೋಂದಾಯಿಸುವುದು ಕಷ್ಟದ ಕೆಲಸವಲ್ಲ. ಇಬ್ಬರು ಸೇರಿ, ಒಬ್ಬ ಆಡಿಟರಿಗೆ ಸ್ವಲ್ಪ ಹಣ ಕೊಟ್ಟರೆ ಕೆಲವು ದಿನಗಳಲ್ಲಿ ಆಗುತ್ತದೆ. ಹುಟ್ಟಿದ ಸರ್ಟಿಫಿಕೇಟು ಮಗು ಹುಟ್ಟಿತು ಎನ್ನುವುದಕ್ಕೆ ಸಾಕ್ಷಿ. ಅದು ದೊಡ್ಡವನಾಗಿ ಕಳ್ಳನಾಗುವುದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಕಂಪನಿಯ ನೋಂದಣಿಯೂ ಅಷ್ಟೆ. ಜನರಿಂದ ಠೇವಣಿ ಪಡೆಯುವುದಕ್ಕೆ ಬೇರೆಯೇ ಅನುಮತಿ ಬೇಕು. ಅದು ರಿಸರ್ವ್ ಬ್ಯಾಂಕ್, ಸೆಬಿ ಮುಂತಾದ ಸಂಸ್ಥೆಗಳಿಂದ ಬರಬೇಕು. ಪಿ.ಎ.ಸಿ.ಎಲ್. ಎಂಬ ಕಂಪನಿ 1996ರಲ್ಲಿ ಕಾನೂನು ಪ್ರಕಾರವೇ ನೋಂದಾಯಿತವಾದದ್ದು. ಹೊಲದ ಭೂಮಿ ಕೊಡುತ್ತೇವೆಂದು ದೇಶದಾದ್ಯಂತ ಸುಮಾರು 5.85 ಕೋಟಿ ಜನರಿಂದ 49,100 ಕೋಟಿ ರೂಪಾಯಿ ಸಂಗ್ರಹಿಸಿತು. ಹಾಗೆ ಸಂಗ್ರಹಿಸಲು ಅದಕ್ಕೆ ಅಧಿಕಾರವೇ ಇರಲಿಲ್ಲವೆಂದು 2014ರಲ್ಲಿ ಸೆಬಿ ಆದೇಶ ಹೊರಡಿಸಿತು. ಅದಕ್ಕೂ ಹಿಂದೆ ಚೆನ್ನೈಯ ಅನುಭವ್ ಪ್ಲಾಂಟೇಷನ್ಸ್ ತೇಗದ ಮರದ ಹೆಸರಿನಲ್ಲಿ ಹಣ ತೆಗೆದುಕೊಂಡು 1998ರಲ್ಲಿ ಕುಸಿಯಿತು. ತೇಗ, ಭೂಮಿ, ಹಕ್ಕಿ ಎಂದು ವಸ್ತು ಮಾತ್ರ ಬದಲಾಗುತ್ತಾ ಬಂದಿದೆ.

ಇತ್ತೀಚೆಗೆ ‘ಉದ್ಯಮ್’ ಎಂಬ ಸರ್ಟಿಫಿಕೇಟನ್ನು ತೋರಿಸುತ್ತಾರೆ. ಅದರ ಮೇಲೆ ಸರಕಾರದ ಲಾಂಛನ ಇರುತ್ತದೆ, ನೋಡಿದರೆ ಭಕ್ತಿ ಬರುವಂತಿರುತ್ತದೆ. ಅದು ಸಣ್ಣ ಉದ್ದಿಮೆದಾರರಿಗಾಗಿ 2020ರಿಂದ ಬಂದ ವ್ಯವಸ್ಥೆ. ನಾನು ಇಂಥ ಉದ್ದಿಮೆ ಮಾಡುತ್ತೇನೆಂದು ಯಾರು ಬೇಕಾದರೂ ಹಣ ಖರ್ಚಿಲ್ಲದೆ, ತಾವೇ ಬರೆದುಕೊಟ್ಟು ಪಡೆಯಬಹುದು. ನಿಜವಾದ ಸಣ್ಣ ಉದ್ದಿಮೆದಾರನಿಗೆ ಅದರಿಂದ ಉಪಯೋಗವಿದೆ, ನಮ್ಮ ಊರಿನಲ್ಲೂ ಪಡೆದವರಿದ್ದಾರೆ. ಆದರೆ ಅದು ಯಾರ ಪ್ರಾಮಾಣಿಕತೆಗೂ ಸರಕಾರ ನಿಂತ ಜಾಮೀನಲ್ಲ. ಐ.ಎಸ್.ಒ. ಎಂಬುದನ್ನೂ ಸರಕಾರ ಕೊಡುವುದಲ್ಲ. ಖಾಸಗಿ ಸಂಸ್ಥೆಗಳು ಕೊಡುತ್ತವೆ, ದುಡ್ಡಿಗೆ ಮಾರುವವರೂ ಇದ್ದಾರೆ. ನೂರು ರೂಪಾಯಿ ಸ್ಟಾಂಪ್ ಪೇಪರಿನ ಕರಾರುಪತ್ರ, ಮುಂದಿನ ತಾರೀಕಿನ ಚೆಕ್ಕು, ಇವು ಕೋರ್ಟಿಗೆ ಹೋಗುವಾಗ ಬೇಕಾಗುತ್ತವೆ ಎಂಬುದು ನಿಜ. ಆದರೆ ಖಾತೆಯಲ್ಲಿ ಹಣವಿಲ್ಲದವನ ಚೆಕ್ಕಿನಿಂದ ಮಗಳ ಮದುವೆ ನಡೆಯುವುದಿಲ್ಲ.

ಇನ್ನು ಮನುಷ್ಯರ ವಿಚಾರ. ಕಾಗದಕ್ಕಿಂತ ನಮ್ಮನ್ನು ಹೆಚ್ಚು ನಂಬಿಸುವುದು ಮನುಷ್ಯರೇ. ಮೊದಲು ಹಣ ಹಾಕಿದ ನೂರು ಜನಕ್ಕೆ ಕಂಪನಿ ಒಂದು ದಿನವೂ ತಪ್ಪದೆ ಹಣ ಕೊಡುತ್ತದೆ. ಬ್ಯಾಂಕಿನವರಾದರೂ ರಜೆ ಎನ್ನುತ್ತಾರೆ, ಇವರು ಅನ್ನುವುದಿಲ್ಲ. ಆ ನೂರು ಜನ ಸುಳ್ಳುಗಾರರಲ್ಲ. ‘ಅಣ್ಣ, ನಾನೇ ಹಾಕಿದ್ದೀನಿ, ಆರು ತಿಂಗಳಿಂದ ಬರ್ತಾ ಇದೆ, ನೀನೇ ಪಾಸ್‌ಬುಕ್ ನೋಡು’ ಎಂದು ಷಡ್ಡಕ ಹೇಳಿದರೆ, ಅವನು ಹೇಳಿದ್ದು ಪೂರ್ತಿ ನಿಜ. ಅವನಿಗೆ ಗೊತ್ತಿಲ್ಲದ್ದು ಒಂದೇ: ಅವನಿಗೆ ಬರುತ್ತಿರುವುದು ಅವನ ಹಿಂದೆ ಬಂದವರ ಹಣ. ಸತ್ಯವಂತರ ಬಾಯಿಂದಲೇ ಸುಳ್ಳನ್ನು ಹರಡಿಸುವ ಈ ಉಪಾಯಕ್ಕಿಂತ ದೊಡ್ಡ ಪ್ರಚಾರ ಯಾವ ಟಿ.ವಿ.ಯಲ್ಲೂ ಸಿಗುವುದಿಲ್ಲ.

ಏಜೆಂಟನೂ ಹೊರಗಿನವನಾಗಿರುವುದಿಲ್ಲ. ಊರಿನ ಓದಿದ ಹುಡುಗ, ನಿವೃತ್ತ ಮೇಷ್ಟ್ರು, ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು, ಇಂಥವರನ್ನೇ ಹಿಡಿಯುತ್ತಾರೆ. ನಮ್ಮಂಥ ಸಣ್ಣ ಸಮುದಾಯಗಳಿಗೆ ಇದರಲ್ಲಿ ಅಪಾಯ ಹೆಚ್ಚು. ಎಲ್ಲರೂ ಎಲ್ಲರಿಗೂ ಬಂಧುಗಳು. ಒಬ್ಬರು ಜ್ಞಾನಸ್ನಾನದ ತಂದೆ, ಇನ್ನೊಬ್ಬರು ಮದುವೆಯ ಸಾಕ್ಷಿ. ರಸೀದಿ ಕೇಳಲು ಸಂಕೋಚ, ಇಲ್ಲವೆನ್ನಲು ದಾಕ್ಷಿಣ್ಯ. ಆಫೀಸು ತೆರೆಯುವ ದಿನ ಗುರುಗಳನ್ನು ಕರೆದು ಆಶೀರ್ವಾದ ಮಾಡಿಸಿ, ಆ ಫೋಟೋವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸುತ್ತಾರೆ. ಹಿಂದೂ ಬಾಂಧವರಲ್ಲಿ ಮಠದ ಸ್ವಾಮಿಗಳ ಫೋಟೋ, ಮುಸಲ್ಮಾನ ಬಾಂಧವರಲ್ಲಿ ಹಾಜಿಗಳ ಫೋಟೋ. ಗುರುಗಳು ಆಶೀರ್ವದಿಸಿದ್ದು ಅಲ್ಲಿ ಕೆಲಸ ಮಾಡುವವರನ್ನು, ಬಡ್ಡಿಯ ದರವನ್ನಲ್ಲ; ಆದರೆ ಫೋಟೋದಲ್ಲಿ ಆ ವ್ಯತ್ಯಾಸ ಕಾಣಿಸುವುದಿಲ್ಲ.

ಹಾಗಾದರೆ ಏನನ್ನು ಕೇಳಬೇಕು? ನನ್ನ ಅಭಿಪ್ರಾಯದಲ್ಲಿ ಒಂದೇ ಪ್ರಶ್ನೆ ಸಾಕು: ಈ ವಸ್ತುವನ್ನು ಕಡೆಗೆ ಕಾಸು ಕೊಟ್ಟು ಕೊಳ್ಳುವವನು ಯಾರು?

ಈಮುವಿನ ಲೆಕ್ಕವನ್ನೇ ಹಾಕಿ ನೋಡಿ. ತಿಂಗಳಿಗೆ 6,000 ರೂ.ನಂತೆ 24 ತಿಂಗಳಿಗೆ 1,44,000. ಬೋನಸ್ ಎರಡು ವರ್ಷಕ್ಕೆ 40,000. ಒಟ್ಟು 1,84,000 ರೂ. ಇದು ಠೇವಣಿಯ ಒಂದೂವರೆ ಲಕ್ಷ ವಾಪಸು ಕೊಡುವುದನ್ನು ಬಿಟ್ಟು. 6 ಹಕ್ಕಿಯಿಂದ ಇಷ್ಟು ಹುಟ್ಟಬೇಕಾದರೆ ಒಂದೊಂದು ಹಕ್ಕಿ 30,000ಕ್ಕೂ ಮೇಲೆ ಗಳಿಸಿಕೊಡಬೇಕು. ಶೆಡ್ಡು, ತಿಂಡಿ, ಔಷಧಿ, ಏಜೆಂಟನ ಕಮಿಷನ್ನು, ನಟರ ಸಂಭಾವನೆ ಬೇರೆ. ಬೆಳೆದ ಈಮು ಸುಮಾರು 40 ಕಿಲೋ ತೂಗುತ್ತದೆ. ಗರಿ, ಮೂಳೆ ಕಳೆದು ಅರ್ಧದಷ್ಟು ಮಾಂಸ ಎಂದು ಇಟ್ಟುಕೊಂಡರೂ ಕಿಲೋಗೆ 1,500 ರೂಪಾಯಿಗೂ ಮೇಲೆ ಮಾರಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ನಮ್ಮ ಸಂತೆಯಲ್ಲಿ ಇಂದಿಗೂ ಕುರಿಮಾಂಸಕ್ಕೆ ಆ ಬೆಲೆ ಇಲ್ಲ. ಆಗ ಈಮು ಮಾಂಸವನ್ನು ಕೇಳಿಕೊಂಡು ಬಂದವರನ್ನು ನೀವು ಯಾರಾದರೂ ಕಂಡಿದ್ದೀರಾ? ಅದರ ಎಣ್ಣೆ ಕೀಲುನೋವಿಗೆ ದಿವ್ಯೌಷಧ ಎಂದು ಹೇಳುತ್ತಿದ್ದರು. ಅದು ಕೀಲುನೋವನ್ನು ವಾಸಿಮಾಡುತ್ತದೆಂದು ವೈದ್ಯಶಾಸ್ತ್ರದಲ್ಲಿ ಸಾಬೀತಾಗಿಲ್ಲ. ಆ ಎಣ್ಣೆಗೂ ಅಷ್ಟು ದೊಡ್ಡ ಗಿರಾಕಿ ಇರಲಿಲ್ಲ. ಮರಿಗಳಿಗೆ ಮಾತ್ರ ಗಿರಾಕಿ ಇದ್ದರು. ಆ ಗಿರಾಕಿಗಳು ಯಾರು? ಹೊಸದಾಗಿ ಠೇವಣಿ ಇಡುವ ರೈತರೇ. ಹೊಸಬರು ಬರುವುದು ನಿಂತ ದಿನ ಕಂಪನಿ ನಿಂತಿತು.

ಇದಕ್ಕೆ ಬದಲಾಗಿ, ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಬ್ರಾಯ್ಲರ್ ಕೋಳಿ ಸಾಕುವವರನ್ನು ನೋಡಿ. ಅಲ್ಲಿ ಮರಿ, ತಿಂಡಿ, ಔಷಧಿ ಕಂಪನಿಯದು; ಶೆಡ್ಡು ಮತ್ತು ದುಡಿಮೆ ರೈತನದು; ಬೆಳೆದ ಕೋಳಿಯ ತೂಕದ ಮೇಲೆ ಕೂಲಿ. ಆ ಕೂಲಿ ಸಾಲದೆಂಬ ದೂರು ರೈತರಿಗೆ ಇದ್ದೇ ಇದೆ, ಅದು ಬೇರೆ ಮಾತು. ಆದರೆ ಕೋಳಿ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿಯ ಮುಂದೆ ನಿಂತಿರುವ ಸಾಲೇ ಅದರ ಕೊನೆಯ ಗಿರಾಕಿ. ದುಡಿಮೆಗಾಗಿ ಕಂಪನಿ ರೈತನಿಗೆ ಹಣ ಕೊಡುವುದು ವ್ಯಾಪಾರ. ದುಡಿಯುವ ಅವಕಾಶಕ್ಕಾಗಿ ರೈತನೇ ಮೊದಲು ಲಕ್ಷಗಟ್ಟಲೆ ಕಟ್ಟಬೇಕು ಎಂದರೆ, ಅಲ್ಲಿ ಬೆಳೆ ನೀವೇ.

ಔಷಧಿ ಗಿಡಗಳಿಗೂ ಇದೇ ಅಳತೆ. ಬಿಳಿ ಮುಸಲಿ, ಲೋಳೆಸರ ಇವುಗಳ ಹೆಸರಿನಲ್ಲಿ ಹಿಂದೆ ದುಬಾರಿ ಬೆಲೆಗೆ ಗೆಡ್ಡೆ, ಸಸಿ ಮಾರಿ, ಕೊಳ್ಳುವ ಕಾಲಕ್ಕೆ ಕಾಣೆಯಾದವರಿದ್ದಾರೆ. ಸಸಿ ಮಾರುವವರೆಲ್ಲ ಹಾಗೆಂದು ತಿಳಿಯಬಾರದು. ಆದರೆ ಕಂಪನಿಯ ಲಾಭ ಎಲ್ಲಿ ಹುಟ್ಟುತ್ತದೆ, ಸಸಿ ಮಾರುವುದರಲ್ಲೋ ಅಥವಾ ಬೆಳೆ ಕೊಳ್ಳುವುದರಲ್ಲೋ ಎಂದು ಕೇಳಿ. ‘ನೀವು ನಮಗೆ ಸಸಿಯನ್ನು ಸಾಲವಾಗಿ ಕೊಡಿ, ಬೆಳೆ ಕೊಳ್ಳುವಾಗ ಹಿಡಿದುಕೊಳ್ಳಿ’ ಎಂದು ಹೇಳಿ ನೋಡಿ. ನಿಜವಾಗಿ ಬೆಳೆ ಬೇಕಾದವನು ಯೋಚಿಸಿಯಾದರೂ ನೋಡುತ್ತಾನೆ. ಸಸಿ ಮಾರಿ ಹೋಗುವವನು ಆ ಮಾತಿಗೆ ಎದ್ದು ಹೋಗುತ್ತಾನೆ. ಹಿಂದಿನ ವರ್ಷ ಬೆಳೆದು ಕೊಟ್ಟ ರೈತರ ಹೆಸರು ಕೇಳಿ, ಅವರು ಕರೆದುಕೊಂಡು ಹೋಗುವ ತೋಟಕ್ಕಲ್ಲ, ನೀವೇ ಬಸ್ಸು ಹತ್ತಿ ಬೇರೆ ತೋಟಕ್ಕೆ ಹೋಗಿ. ಅವರ ಬಸ್ಸು, ಅವರ ಊಟ, ಅವರು ತೋರಿಸುವ ತೋಟ, ಇವೆಲ್ಲ ನಾಟಕದ ರಂಗಸಜ್ಜಿಕೆಯೂ ಆಗಿರಬಹುದು.

ಈಗ ಮೊಬೈಲಿನಲ್ಲಿ ನಡೆಯುವುದರ ಬಗ್ಗೆ ಎರಡು ಮಾತು. ಹಿಂದೆ ಸುಳ್ಳು ಕಂಪನಿಗೆ ಬಾಡಿಗೆ ಕಟ್ಟಡವಾದರೂ ಬೇಕಿತ್ತು. ಈಗ ಅದೂ ಬೇಡ. ದೊಡ್ಡ ಗೊಬ್ಬರದ ಕಂಪನಿಯ ಹೆಸರು, ಗುರುತು, ಬಣ್ಣ ಎಲ್ಲವನ್ನೂ ನಕಲು ಮಾಡಿ ಡೀಲರ್‌ಶಿಪ್ ಕೊಡುತ್ತೇವೆಂದು ಹಣ ಕಟ್ಟಿಸಿಕೊಳ್ಳುತ್ತಾರೆ. ಸೋಲಾರ್ ಪಂಪಿನ ಕುಸುಮ್ ಯೋಜನೆಯ ಹೆಸರಿನಲ್ಲಿ ಸುಳ್ಳು ತಾಣಗಳು ನೋಂದಣಿ ಶುಲ್ಕ ಕೇಳುತ್ತಿವೆ ಎಂದು ಕೇಂದ್ರ ಸರಕಾರದ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ. ನಿಮ್ಮ ಹೊಲದಲ್ಲಿ ಮೊಬೈಲ್ ಟವರ್ ಹಾಕುತ್ತೇವೆ, ಇಷ್ಟು ಲಕ್ಷ ಮುಂಗಡ, ಇಷ್ಟು ಸಾವಿರ ಬಾಡಿಗೆ ಎಂದು ಟ್ರಾಯ್ ಸಂಸ್ಥೆಯ ಲಾಂಛನದ ಪತ್ರ ಬಂದರೆ ಅದನ್ನು ಸುಳ್ಳೆಂದೇ ತಿಳಿಯಿರಿ. ಟವರಿಗೆ ಅಂಥ ಅನುಮತಿ ಪತ್ರವನ್ನು ಟ್ರಾಯ್ ಕೊಡುವುದೇ ಇಲ್ಲ, ಟವರ್ ಹಾಕುವ ಕಂಪನಿ ಜಮೀನಿನವನಿಂದ ಹಣ ಕೇಳುವುದೂ ಇಲ್ಲ. ಸರಕಾರದ ತಾಣದ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಮುಗಿಯಬೇಕು, ನಡುವೆ ಎಲ್ಲೋ ಆ ಅಕ್ಷರಗಳನ್ನು ಸೇರಿಸಿ ಮೋಸ ಮಾಡುವವರೂ ಉಂಟು. ಹಣ ಬರಲು ಪಿನ್ ಸಂಖ್ಯೆ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

ಅದೇ ಮೊಬೈಲಿನಿಂದ ಪರೀಕ್ಷೆಯೂ ಸಾಧ್ಯ, ಮಕ್ಕಳಿಗೆ ಹೇಳಿದರೆ ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಕಂಪನಿ ವ್ಯವಹಾರಗಳ ಮಂತ್ರಾಲಯದ ತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ಹುಟ್ಟಿದ ದಿನ, ಅದರ ಬಂಡವಾಳ ತಿಳಿಯುತ್ತದೆ. ಇಪ್ಪತ್ತು ವರ್ಷದ ಅನುಭವ ಎಂದು ಪುಸ್ತಕದಲ್ಲಿ ಅಚ್ಚುಹಾಕಿದ ಕಂಪನಿ ಎಂಟು ತಿಂಗಳ ಹಿಂದೆ ಒಂದು ಲಕ್ಷ ಬಂಡವಾಳದಲ್ಲಿ ಹುಟ್ಟಿದ್ದಾದರೆ ಮುಂದಿನ ಮಾತು ಬೇಡ. ಜಿ.ಎಸ್.ಟಿ. ನಂಬರಿನ ಮೊದಲ ಎರಡು ಅಂಕೆ ರಾಜ್ಯದ ಗುರುತು. ತಮಿಳುನಾಡಿಗೆ 33, ಕರ್ನಾಟಕಕ್ಕೆ 29. ಆ ನಂಬರನ್ನು ಜಿ.ಎಸ್.ಟಿ. ತಾಣದಲ್ಲಿ ಹಾಕಿ, ಬರುವ ಹೆಸರು ಬೋರ್ಡಿನ ಹೆಸರೇ ಎಂದು ನೋಡಿ. ಹಣ ಕಟ್ಟಬೇಕಾದ ಖಾತೆ ಕಂಪನಿಯ ಹೆಸರಿನಲ್ಲಿದೆಯೋ, ಯಾವನೋ ಒಬ್ಬನ ಉಳಿತಾಯ ಖಾತೆಯೋ? ಇದೊಂದರಲ್ಲೇ ಎಷ್ಟೋ ಮೋಸ ಬಯಲಾಗುತ್ತದೆ. ಠೇವಣಿ ಪಡೆಯಲು ಅನುಮತಿ ಇದೆಯೇ ಎಂದು ತಿಳಿಯಲು, ದೂರು ಕೊಡಲು, ರಿಸರ್ವ್ ಬ್ಯಾಂಕಿನ ‘ಸಚೇತ್’ ಎಂಬ ತಾಣ 2016ರಿಂದ ಇದೆ.

ಏಜೆಂಟರಾಗಲು ಹೊರಟಿರುವ ಯುವಕರಿಗೆ ಒಂದು ಮಾತು. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾನೂನು 2019ರಲ್ಲಿ ಬಂದಿದೆ. ಹಣ ತೆಗೆದುಕೊಂಡವನು ಮಾತ್ರವಲ್ಲ, ಸುಳ್ಳೆಂದು ತಿಳಿದೂ ಜನರನ್ನು ಒಪ್ಪಿಸಿ ಹಣ ಹಾಕಿಸಿದವನೂ ಆ ಕಾನೂನಿನಲ್ಲಿ ಅಪರಾಧಿ. ಕಂಪನಿಯ ಮಾಲೀಕ ಓಡಿಹೋದಾಗ ಜನ ಬರುವುದು ನಿಮ್ಮ ಮನೆಯ ಬಾಗಿಲಿಗೆ.

ಈಗಾಗಲೇ ಹಣ ಹಾಕಿದವರು ದಯವಿಟ್ಟು ಮುಚ್ಚಿಡಬೇಡಿ. ಹೆಂಡತಿಗೆ ತಿಳಿಯದಂತೆ, ಅಪ್ಪನಿಗೆ ತಿಳಿಯದಂತೆ ನುಂಗಿಕೊಂಡು, ನಿದ್ದೆ ಬಿಟ್ಟು, ಕುಡಿತಕ್ಕೆ ಬಿದ್ದವರನ್ನು ಕಂಡಿದ್ದೇನೆ. ಸಾಯುವ ಯೋಚನೆ ಮಾಡಿದವರನ್ನೂ ಕಂಡಿದ್ದೇನೆ. ಹೋದದ್ದು ಹಣ, ನಿಮ್ಮ ಮರ್ಯಾದೆಯಲ್ಲ; ಮರ್ಯಾದೆ ಕಳೆದುಕೊಂಡವನು ಮೋಸ ಮಾಡಿದವನು. ಮೊಬೈಲಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಠೇವಣಿಯ ಮೋಸವಾದರೆ ತಮಿಳುನಾಡಿನಲ್ಲಿ ಠೇವಣಿದಾರರ ಹಿತರಕ್ಷಣೆಗೆ 1997ರ ಕಾನೂನಿದೆ, ಪೊಲೀಸರ ಆರ್ಥಿಕ ಅಪರಾಧ ವಿಭಾಗಕ್ಕೆ ದೂರು ಕೊಡಬಹುದು. ಗಡಿಯಾಚೆ ಚಾಮರಾಜನಗರದ ಕಡೆ ಹಣ ಕಟ್ಟಿದವರಿಗೆ ಕರ್ನಾಟಕದಲ್ಲೂ ಅಂಥದೇ ಕಾನೂನಿದೆ. ರಸೀದಿ, ಕರಾರು, ಚೆಕ್ಕು, ವಾಟ್ಸಾಪ್ ಮಾತು ಒಂದನ್ನೂ ಎಸೆಯಬೇಡಿ. ಅಸಲು ಕಾಗದವನ್ನು ಕೈಬಿಡಬೇಡಿ, ಪ್ರತಿ ಮಾತ್ರ ಕೊಡಿ. ಹೋದ ಹಣವನ್ನು ಬಿಡಿಸಿಕೊಡುತ್ತೇನೆ, ಇಷ್ಟು ಶುಲ್ಕ ಕೊಡು ಎಂದು ಬರುವವನು ಮೊದಲನೆಯವನ ತಮ್ಮ.

ನಮ್ಮ ಧರ್ಮಕೇಂದ್ರದ ಮಟ್ಟಿಗೆ ಪಾಲನಾ ಸಮಿತಿಯವರೊಂದಿಗೆ ಮಾತನಾಡಿ ತೀರ್ಮಾನಿಸಿದ್ದು ಇಷ್ಟು. ಜನರಿಂದ ಹಣ ಸಂಗ್ರಹಿಸುವ ಯಾವ ಯೋಜನೆಯ ಪ್ರಕಟಣೆಯನ್ನೂ ಪೂಜೆಯ ನಂತರ ಓದುವುದಿಲ್ಲ, ಅದಕ್ಕೆ ಸಭಾಭವನವನ್ನೂ ಕೊಡುವುದಿಲ್ಲ. ಆಫೀಸು ಆಶೀರ್ವಾದಕ್ಕೆ ಕರೆಯುವವರು ಠೇವಣಿ ಪಡೆಯುವವರಾದರೆ ಅನುಮತಿಯ ಕಾಗದವನ್ನು ಒಂದು ವಾರ ಮೊದಲು ತಂದು ತೋರಿಸತಕ್ಕದ್ದು. ಸಸಿಯ ಕಂಪನಿಯವರಿಗೂ ಇದನ್ನೇ ಹೇಳಿ ಕಳುಹಿಸಿದ್ದೇನೆ. ಅವರ ಹಿಂದಿನ ವರ್ಷದ ಖರೀದಿಯ ಬಿಲ್ಲುಗಳನ್ನು ತಂದರೆ ನೋಡೋಣ. ಮುಂದಿನ ಎರಡು ಭಾನುವಾರ ಎರಡನೆಯ ಪೂಜೆಯ ನಂತರ ಯುವಕ ಸಂಘದ ಮೂವರು ಕಚೇರಿಯಲ್ಲಿ ಕೂತಿರುತ್ತಾರೆ. ಯಾರ ಬಳಿ ಯಾವ ಕಂಪನಿಯ ಕಾಗದವಿದ್ದರೂ ತನ್ನಿ, ಕಂಪನಿ ಹುಟ್ಟಿದ ದಿನ, ಜಿ.ಎಸ್.ಟಿ. ನಂಬರು, ಸಚೇತ್ ಮೂರನ್ನೂ ನೋಡಿ ಹೇಳುತ್ತಾರೆ. ಹೆಸರು ಬರೆದುಕೊಳ್ಳುವುದಿಲ್ಲ. ಬೇರೆ ಧರ್ಮದ ನೆರೆಹೊರೆಯವರನ್ನೂ ಕರೆದುಕೊಂಡು ಬರಬಹುದು.